ಬಾಡಿಗೆಯ ಚಪ್ಪಾಳೆ

ನಾಟಕ ಹೇಗಿತ್ತೆಂದು ಹೇಳಲು ಪ್ರೇಕ್ಷಕನಿಗಿರುವುದು ಎರಡು ಕೈಗಳು ಮಾತ್ರ. ಆ ತೀರ್ಪನ್ನೂ ದುಡ್ಡು ಕೊಟ್ಟು ಕೊಂಡವರಿದ್ದಾರೆ. ರೋಮಿನ ಚಕ್ರವರ್ತಿ ನೀರೋ, ತಾನು ಹಾಡುವಾಗ ಚಪ್ಪಾಳೆ ತಟ್ಟಲೆಂದೇ 5 ಸಾವಿರಕ್ಕೂ ಹೆಚ್ಚು ಯುವಕರನ್ನು ತಯಾರು ಮಾಡಿಸಿದ್ದನೆಂದು ಇತಿಹಾಸಕಾರ ಸ್ವಿಟೋನಿಯಸ್ ಬರೆದಿದ್ದಾನೆ. ಜೇನ್ನೊಣದ ಝೇಂಕಾರ, ಹೆಂಚು, ಇಟ್ಟಿಗೆ ಎಂದು ಆ ಚಪ್ಪಾಳೆಗಳಿಗೆ ಬಗೆಬಗೆಯ ಹೆಸರುಗಳೂ ಇದ್ದವು.

ಅದು ಒಬ್ಬ ಅರಸನ ಹುಚ್ಚು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ 19ನೇ ಶತಮಾನದ ಪ್ಯಾರಿಸ್ ಆ ಹುಚ್ಚನ್ನೇ ವ್ಯಾಪಾರವಾಗಿಸಿತು. ನಾಟಕಗಳಿಗೆ ಯಶಸ್ಸನ್ನು ಒದಗಿಸಿಕೊಡುವ ಕಚೇರಿಯೇ 1820ರಲ್ಲಿ ಅಲ್ಲಿ ತೆರೆಯಿತು. 'ಕ್ಲಾಕ್' ಎಂಬ ಈ ಬಾಡಿಗೆ ಪಡೆಯಲ್ಲಿ ನಗುವವರು ಬೇರೆ, ಕರವಸ್ತ್ರ ಹಿಡಿದು ಅಳುವ ಹೆಂಗಸರು ಬೇರೆ, ನಮ್ಮ ಕಂಪನಿ ನಾಟಕಗಳಲ್ಲಿ ಕೇಳಿಬರುತ್ತಿದ್ದಂತೆ 'ಒನ್ಸ್ ಮೋರ್' ಕೂಗುವವರು ಬೇರೆ. 1830ರ ದಶಕದಲ್ಲಿ ಪ್ಯಾರಿಸ್ ಒಪೆರಾದ ಈ ಪಡೆಗೆ ಒಗುಸ್ತ್ ಲೆವಸ್ಸೂರ್ ಎಂಬಾತ ಮುಖ್ಯಸ್ಥ. ಆತ ತಾಲೀಮು ನೋಡಿ, ಎಲ್ಲಿ ಎಷ್ಟು ಚಪ್ಪಾಳೆ ಬೀಳಬೇಕೆಂದು ರಂಗಮಂದಿರದ ನಿರ್ದೇಶಕರೊಡನೆ ಕುಳಿತು ಮೊದಲೇ ಗೊತ್ತುಮಾಡುತ್ತಿದ್ದ.

ಹೊಸ ಕಲಾವಿದರಿಗೆ ಇದರಿಂದ ಧೈರ್ಯ ಬರುತ್ತದೆ, ಸಂಕೋಚದ ಪ್ರೇಕ್ಷಕರೂ ಕೈ ಸೇರಿಸುತ್ತಾರೆ ಎಂಬ ಸಮರ್ಥನೆಯುಂಟು. ನಾವು ಇದನ್ನು ಒಪ್ಪುವುದಿಲ್ಲ. ಹೊಗಳಿಕೆಗೆ ಬೆಲೆ ನಿಗದಿಯಾದ ಕಡೆ ಮೌನಕ್ಕೂ ಬೆಲೆಯಿರುತ್ತದೆ. ದುಡ್ಡು ಕೊಡದ ಕಲಾವಿದನಿಗೆ ಸಿಗುತ್ತಿದ್ದದ್ದು ತಣ್ಣನೆಯ ಸಭೆ, ಕೆಲವೊಮ್ಮೆ ಛೀಮಾರಿ. ಇದು ಪ್ರೋತ್ಸಾಹವೋ, ಸುಲಿಗೆಯೋ?

ಪುಕ್ಕಟೆ ಟಿಕೆಟಿಗಾಗಿಯೋ ನಾಲ್ಕು ಕಾಸಿಗಾಗಿಯೋ ಕೈ ತಟ್ಟಿದ ಬಡವನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಸಿಟ್ಟು ಆ ಕೈಗಳನ್ನು ಕೊಂಡವರ ಮೇಲೆ. ಅವರು ಬರಿಯ ಸದ್ದನ್ನು ಕೊಳ್ಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಟಿಕೆಟಿಗೆ ದುಡ್ಡು ತೆತ್ತು ಕುಳಿತವನ ವಿವೇಚನೆಯನ್ನೇ ಕದ್ದರು. ಎಲ್ಲರೂ ಮೆಚ್ಚಿದರು, ಬಹುಶಃ ನನಗೇ ತಿಳಿಯಲಿಲ್ಲ ಎಂದು ಅವನು ತನ್ನ ಅಭಿರುಚಿಯನ್ನೇ ಅನುಮಾನಿಸತೊಡಗಿದ. ಹೀಗೆ ಅನುಮಾನಿಸಲು ಕಲಿತವನು ರಂಗಮಂದಿರದ ಹೊರಗೂ ಪಕ್ಕದವನ ಕೈ ನೋಡಿಯೇ ತನ್ನ ಕೈ ಎತ್ತುತ್ತಾನೆ.

ಪ್ರತಿಭಟಿಸಿದವರೂ ಇದ್ದರು. 1897ರಲ್ಲಿ ವಿಯೆನ್ನಾದ ಒಪೆರಾದ ಚುಕ್ಕಾಣಿ ಹಿಡಿದ ಸಂಗೀತಗಾರ ಗುಸ್ತಾವ್ ಮಾಹ್ಲರ್ ಈ ಪಡೆಯನ್ನು ಹೊರಹಾಕಲು ಹೋರಾಡಿದ. ಆದರೆ ರೋಗ ರೂಪ ಬದಲಿಸಿತು. 1950ರ ದಶಕದಲ್ಲಿ ಅಮೆರಿಕದ ಟೆಲಿವಿಷನ್, ಮೊದಲೇ ಮುದ್ರಿಸಿಟ್ಟ ನಗುವನ್ನು ಹಾಸ್ಯ ಕಾರ್ಯಕ್ರಮಗಳಿಗೆ ಅಂಟಿಸಿತು. ಈಗ ಬಾಡಿಗೆಗೆ ಮನುಷ್ಯರೂ ಬೇಕಾಗಿಲ್ಲ.

ಹಾಗಿದ್ದರೆ ನಾವೇನು ಮಾಡಬೇಕು? ಮನಸ್ಸು ಒಪ್ಪಿದರೆ ಒಬ್ಬರೇ ಆದರೂ ಚಪ್ಪಾಳೆ ತಟ್ಟೋಣ. ಒಪ್ಪದಿದ್ದರೆ ಇಡೀ ಸಭೆ ಎದ್ದು ನಿಂತರೂ ಕೈಕಟ್ಟಿ ಕುಳಿತಿರೋಣ. ಕಲಾವಿದನಿಗೆ ನಾವು ಸಲ್ಲಿಸಬಹುದಾದ ಪ್ರಾಮಾಣಿಕ ಗೌರವ ಅದೇ.