ಕೊಂಡ ಬುಡ, ಬೆಳೆಸಿದ ಬುಡ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸರ್, ಹೊಸ ಮನೆಯ ತಾರಸಿಗೆ ಅಡೀನಿಯಂ ತರಬೇಕೆಂದಿದ್ದೇನೆ. ಬುಡ ದಪ್ಪಗಿರುವುದನ್ನೇ ಆರಿಸಲೇ?" ಎಂದು ಕೇಳಿದ. ಕೊಳ್ಳಬೇಡ, ಬೀಜ ಬಿತ್ತು ಎಂದೆ. ಅವನು ನಕ್ಕ. ಅಂದು ವಿವರಿಸಲಾಗದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಡೀನಿಯಂ ನಮ್ಮ ಕಣಗಿಲೆಯ ಕುಟುಂಬದ ಸಸ್ಯ. ಸಹಾರಾದ ದಕ್ಷಿಣಕ್ಕಿರುವ ಒಣ ಸೀಮೆ, ಪೂರ್ವ ಆಫ್ರಿಕ ಮತ್ತು ಅರೇಬಿಯ ಇದರ ತವರು. ಯೆಮನ್ ದೇಶದಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದು 1763ರಲ್ಲಿ ಅಲ್ಲಿಯೇ ತೀರಿಕೊಂಡ ಪೀಟರ್ ಫೋರ್ಸ್ಕೋಲ್ ಇದನ್ನು ಕಣಗಿಲೆಯೆಂದೇ ಬಗೆದಿದ್ದನು. 1775ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇದಕ್ಕಿರುವ ಹೆಸರಿನ ಅರ್ಥ 'ದಢೂತಿ ಕಣಗಿಲೆ' ಎಂದು. ಆ ದಢೂತಿ ಬುಡವು ಮಳೆಯಿಲ್ಲದ ತಿಂಗಳುಗಳಿಗೆಂದು ಗಿಡವು ಕೂಡಿಟ್ಟುಕೊಂಡ ನೀರು. ಅಂಥದನ್ನು ನಾವು ಸಾಗರದ ಮಳೆಗೆ ತಂದಿದ್ದೇವೆ.

2016ರಲ್ಲಿ ನಾನೂ ಬುಡ ನೋಡಿಯೇ ಮರುಳಾದೆ. ತೆಂಗಿನಕಾಯಿ ಗಾತ್ರದ ಬುಡ, ಮೇಲೆ ಕಡುಗೆಂಪಿನ ಸುತ್ತು ಎಸಳಿನ ಹೂವು. ಬೆಲೆ 1,800 ರೂಪಾಯಿ. ನಿವೃತ್ತಿವೇತನದವನ ಕೈಗೆ ಅದು ಸಣ್ಣ ಮೊತ್ತವಲ್ಲ. ಅದು ಕಸಿ ಗಿಡವೆಂದಾಗಲಿ, ಒಳಗೆ ತುಂಬಿರುವುದು ಬರೀ ತೆಂಗಿನ ನಾರಿನ ಪುಡಿಯೆಂದಾಗಲಿ ಮಾರಿದವರು ಹೇಳಲಿಲ್ಲ. ಮರುವರ್ಷದ ಆಷಾಢದಲ್ಲಿ ಒಂದು ಬೆಳಗ್ಗೆ ಬುಡವನ್ನು ಒತ್ತಿದರೆ ಕೊಳೆತ ಹಲಸಿನಂತೆ ಬೆರಳು ಒಳಗಿಳಿಯಿತು. ಚಾಕುವಿನಿಂದ ಮೆತ್ತಗಾದ ಭಾಗವನ್ನೆಲ್ಲ ಬಿಳಿಯ ಗಟ್ಟಿ ತಿರುಳು ಕಾಣುವವರೆಗೆ ಕೊರೆದು, ತಾಮ್ರದ ಶಿಲೀಂಧ್ರನಾಶಕ ಸವರಿ, ಎರಡು ವಾರ ಅಟ್ಟದ ಮೇಲೆ ಒಣಗಲು ಇಟ್ಟೆ. ಬುಡದ ಅರ್ಧ ಉಳಿಯಿತು. ಕಸಿಯ ಕೊಂಬೆಗಳು ಸತ್ತವು.

ಮುಂದಿನ ಬೇಸಗೆಯಲ್ಲಿ ಆ ಅರೆಬುಡದಿಂದ ಚಿಗುರೊಡೆದು, ಬಿಳಿಯ ಗಂಟಲಿನ ಸಾಧಾರಣ ಗುಲಾಬಿ ಬಣ್ಣದ ಹೂವು ಬಿಟ್ಟಿತು. ನಾನು ಮೋಸವಾಯಿತೆಂದು ಗೊಣಗಿದೆ. ನನ್ನ ಮನೆಯವಳು, "ಅದನ್ನು ಯಾಕೆ ಬೈತೀರಿ? ಇಷ್ಟು ದಿನ ಬೇರೆಯವರ ಹೂವು ಹೊತ್ತಿತ್ತು, ಈಗ ತನ್ನದು ಬಿಟ್ಟಿದೆ" ಎಂದಳು. ಆಕೆ 2021ರಲ್ಲಿ ಹೋದಳು. ಗಿಡ ಇದೆ.

ಕಸಿ ಕಟ್ಟುವುದು ಅಪರಾಧವೆಂದು ನಾನು ಹೇಳುತ್ತಿಲ್ಲ. ಬೀಜದಿಂದ ತಾಯಿಯ ಬಣ್ಣವೇ ಬರುವ ಭರವಸೆಯಿಲ್ಲ. ಬಣ್ಣ ಬೇಕಾದವರಿಗೆ ಕಸಿಯೇ ದಾರಿ. ಆದರೆ ಮೊದಲ ಗಿಡವಾಗಿ ಅದನ್ನು ತರಬಾರದು. ಹತ್ತು ಸಸಿಗಳಲ್ಲಿ ಮೂರು ಕೊಳೆತರೂ ಏಳು ಉಳಿಯುತ್ತವೆ, ಎಷ್ಟು ನೀರು ಹೆಚ್ಚೆಂಬುದನ್ನು ಆ ಮೂರು ಕಲಿಸಿರುತ್ತವೆ. ಒಂದೇ ದುಬಾರಿ ಗಿಡದ ಮೇಲೆ ಈ ಪಾಠ ಕಲಿಯುವುದು ಕಷ್ಟ. (ಮೇಷ್ಟರಿಗೆ ಎಲ್ಲವೂ ಪಾಠವೇ ಎಂದು ನಗುವವರು ನಗಲಿ.)

ಬೀಜ ನನಗೆ ಬಂದದ್ದು ಬಳ್ಳಾರಿಯ ಷಡ್ಡಕರಿಂದ. ಕಾಯಿ ಎಮ್ಮೆಯ ಜೋಡಿ ಕೋಡಿನಂತಿರುತ್ತದೆ. ಬಲಿತಾಗ ದಾರ ಸುತ್ತದಿದ್ದರೆ ಒಡೆದು, ಎರಡೂ ತುದಿಗೆ ಕುಚ್ಚಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಏಪ್ರಿಲಿನ ಸೆಕೆಯಲ್ಲಿ ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ ಬೆರೆಸಿ ಬಿತ್ತಿದರೆ ತಾಜಾ ಬೀಜ ಸುಮಾರು ವಾರದಲ್ಲಿ ಮೊಳೆಯುತ್ತದೆ. ಆಮೇಲೆ ಬೇಕಾದದ್ದು ಬಿಸಿಲು. ಕೋಣೆಯ ಮೂಲೆಯಲ್ಲಿಟ್ಟರೆ ಹೂವು ಸಿಗದು. ಕುಂಡ ಬದಲಿಸುವಾಗಲೆಲ್ಲ ಬುಡವನ್ನು ಒಂದು ಬೆರಳು ಮೇಲೆತ್ತಿ ನೆಟ್ಟರೆ ಬೇರು ಹೊರಗೆ ಕಂಡು ಹಳೆಯ ಮರದ ಕಳೆ ಬರುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಮಳೆಗಾಲಕ್ಕೆ ಮುನ್ನ ಸೂರಿನಡಿಗೆ ಸೇರಿಸಿಬಿಡಿ. ಚಳಿಗೆ ಎಲೆ ಉದುರಿದರೆ ಬಾಯಾರಿಕೆಯೆಂದು ಭ್ರಮಿಸಿ ಕೊಡ ಎತ್ತಬೇಡಿ, ಅದು ನಿದ್ರೆ.

ಇನ್ನೊಂದು ಮಾತನ್ನು ಮಾರುವವರು ಹೇಳಲೇಬೇಕಿತ್ತು, ಹೇಳುವುದಿಲ್ಲ: ಇದರ ರಸ ವಿಷ. ಆಫ್ರಿಕದಲ್ಲಿ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ, ಹೃದಯಕ್ಕೆ ಅಪಾಯಕಾರಿಯಾದ ವಿಷ. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಗೃಹಪ್ರವೇಶದ ಉಡುಗೊರೆಯಾಗಿ ಇದನ್ನು ಮಾತಿಲ್ಲದೆ ಕೊಡುವ ಪದ್ಧತಿಯನ್ನು ನಾನು ಒಪ್ಪಲಾರೆ. ಕತ್ತರಿಸಿದ ಮೇಲೆ ಕೈ, ಚಾಕು ಎರಡನ್ನೂ ತೊಳೆಯಿರಿ.

ಈ ಸಲ ನನ್ನ ಸಸಿಯೊಂದರಲ್ಲಿ ಒಂದು ಜೊತೆ ಕೋಡು ಕಟ್ಟಿದೆ, ದಾರ ಸುತ್ತಿದ್ದೇನೆ. ಬೀಜ ಬೇಕಾದವರು ತಿಳಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದನ್ನೂ ತಿಳಿಸಿ.