ಹೃದಯಕ್ಕೆ ಗುರಿಯಿಟ್ಟ ಸೂಜಿ

ನಿಂತುಹೋದ ಹೃದಯಕ್ಕೆ ಉದ್ದನೆಯ ಸೂಜಿಯಿಂದ ಅಡ್ರಿನಲಿನ್ ಚುಚ್ಚಿದೊಡನೆ ಸತ್ತವನು ಎದ್ದು ಕೂಡುವ ದೃಶ್ಯವನ್ನು ವಾಚಕರು ಚಲನಚಿತ್ರಗಳಲ್ಲಿ ಕಂಡಿರಬಹುದು. ಚಿಕಿತ್ಸೆಯೇನೋ ಕಟ್ಟುಕತೆಯಲ್ಲ, ಇಪ್ಪತ್ತನೆಯ ಶತಮಾನದಲ್ಲಿ ವೈದ್ಯರು ಇದನ್ನು ಬಹುಕಾಲ ಆಶ್ರಯಿಸಿದ್ದುಂಟು. ಆದರೆ ಗುರಿಯ ಮಾತೇನು? ಎದೆಮೂಳೆಯ ಎಡಕ್ಕೆ, ನಾಲ್ಕನೆಯ ಮತ್ತು ಐದನೆಯ ಪಕ್ಕೆಲುಬುಗಳ ನಡುವೆ, ಕಣ್ಣಿಗೆ ಕಾಣದ ಕೋಣೆಯೊಂದನ್ನು ಅಂದಾಜಿನಿಂದಲೇ ಹುಡುಕಬೇಕು. ಸಿರಿಂಜಿಗೆ ರಕ್ತವನ್ನು ಸೆಳೆದು ನೋಡುವುದೊಂದೇ ಸಾಕ್ಷಿ. ಸೂಜಿ ಕೊಂಚ ಓರೆಯಾದರೆ ಶ್ವಾಸಕೋಶ ತೂತಾದೀತು. ಹೃದಯಕ್ಕೇ ರಕ್ತವೂಡುವ ಧಮನಿ ಹರಿದೀತು. ಹೃದಯದ ಹೊರಚೀಲದಲ್ಲಿ ರಕ್ತ ಕೂಡಿ ಹೃದಯವನ್ನೇ ಅದುಮೀತು. ಮದ್ದು ಕೋಣೆಗೆ ಬೀಳದೆ ಸ್ನಾಯುವಿನಲ್ಲಿಯೇ ಉಳಿದರಂತೂ ಬಡಿತದ ಲಯವೇ ಕೆಡಬಹುದು.

ಗುರಿ ತಪ್ಪದಿದ್ದರೂ ನನ್ನ ಆಕ್ಷೇಪ ಉಳಿಯುತ್ತದೆ. ಚುಚ್ಚುವವನಿಗಾಗಿ ಎದೆಯನ್ನೊತ್ತುವವನು ಕೈ ತೆಗೆಯಬೇಕಷ್ಟೆ. ಆ ಗಳಿಗೆಯಲ್ಲಿ ಮಿದುಳಿಗೆ ರಕ್ತವಿಲ್ಲ. ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿಯೇ ರಕ್ತವನ್ನು ಹರಿಯಿಸಬಹುದೆಂದು ಬಾಲ್ಟಿಮೋರಿನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ೧೯೬೦ರಲ್ಲಿ ಪ್ರಕಟಿಸಿದರು. ಹಾಗೆ ಹರಿಯುವ ರಕ್ತವೇ ಕೈಯ ಸಿರೆಗೆ ಕೊಟ್ಟ ಮದ್ದನ್ನೂ ಹೃದಯಕ್ಕೆ ಒಯ್ಯುವುದು. ಸಿರೆ ಸಿಕ್ಕದಿದ್ದರೆ ಮೂಳೆಯ ಮಜ್ಜೆಯ ದಾರಿಯುಂಟು. ಹೀಗಿರಲು ನೇರ ಚುಚ್ಚುವಿಕೆ ಮೂಲೆ ಸೇರಿದ್ದು ನ್ಯಾಯವೇ. ನಮ್ಮ ಕಾಲೇಜುಗಳು ವಿದ್ಯಾರ್ಥಿಗಳಿಗೆ ಮೊದಲು ಕಲಿಸಬೇಕಾದುದು ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ಐದಾರು ಸೆಂಟಿಮೀಟರಿನಷ್ಟು ಆಳಕ್ಕೆ, ಎದೆಯನ್ನೊತ್ತುವ ಕ್ರಮವನ್ನು.