ಅಂಗಡಿಯ ಗಣಕಯಂತ್ರಕ್ಕೆ ಯಾವ ಕಾರ್ಯಾಚರಣ ವ್ಯವಸ್ಥೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೆಚ್ಚುವರಿ ಸುರಕ್ಷಾ ಯೋಜನೆಗೆ ನೋಂದಾಯಿಸಿಕೊಳ್ಳದ ಯಂತ್ರಗಳಿಗೆ ಇನ್ನು ದೋಷ ಪರಿಹಾರಗಳು ದೊರೆಯುವುದಿಲ್ಲ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳಾಗಲಿ, ಜಮಖಂಡಿ, ಮುಧೋಳ, ಬೀಳಗಿಯ ವರ್ತಕ ಬಾಂಧವರಾಗಲಿ ಈ ವಿಷಯವನ್ನು ದುರಸ್ತಿ ಮಾಡುವವರ ಇಚ್ಛೆಗೇ ಬಿಟ್ಟುಬಿಡುವುದು ಸರಿಯಲ್ಲ. ಯಂತ್ರದೊಳಗಿರುವುದು ನಮ್ಮ ಉದ್ರಿ ಲೆಕ್ಕ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಹಾವಳಿಯು ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದು ಇಂತಹ ಪರಿಹಾರಗಳನ್ನು ಅಳವಡಿಸಿಕೊಳ್ಳದ ಯಂತ್ರಗಳಲ್ಲಿಯೇ.

ಲಿನಕ್ಸ್ ಉಚಿತವಾಗಿ ದೊರೆಯುತ್ತದೆ, ನಿಜ. ಆದರೆ ನಮ್ಮಲ್ಲಿ ಬಹುಮಂದಿ ನಂಬಿರುವ ಟ್ಯಾಲಿಯು ವಿಂಡೋಸ್‌ಗಾಗಿ ರೂಪಿತವಾದ ತಂತ್ರಾಂಶ. ಆದುದರಿಂದ ಲೆಕ್ಕಪತ್ರದ ಯಂತ್ರಕ್ಕೆ ವಿಂಡೋಸ್ 11 ಇರುವುದೇ ಲೇಸು. ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ಅರ್ಹವಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಬೆಲೆ ಕೇಳುವ ಮೊದಲು ಇದನ್ನು ಕೇಳಬೇಕು.

ಹಾಗೆಂದು ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಡೆಬಿಯನ್ ಅಥವಾ ಉಬುಂಟು ಅಳವಡಿಸಿ ಅದನ್ನೇ ಸರ್ವರ್ ಆಗಿಸಿದರೆ, ಸಾಂಬಾ ತಂತ್ರಾಂಶದ ಮೂಲಕ ಲೆಕ್ಕದ ನಕಲು ದಿನವೂ ಅಲ್ಲಿ ಸಂಗ್ರಹವಾಗಬಲ್ಲದು. ಉಬುಂಟು 24.04ಕ್ಕೆ 2029ರವರೆಗೆ ಉಚಿತ ಬೆಂಬಲವಿದೆ. ಯುಪಿಎಸ್ ಮಾತ್ರ ಬೇಕೇ ಬೇಕು. ನಮ್ಮ ವಿದ್ಯುತ್ತಿನ ಸ್ವಭಾವ ತಮಗೆ ತಿಳಿದದ್ದೇ. ಸದಾ ಜೋಡಣೆಯಲ್ಲಿರುವ ನಕಲಿಗೂ ವೈರಸ್ ತಗಲಬಹುದಾದ್ದರಿಂದ, ವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ಕಳಚಿ, ತಿಜೋರಿಯಲ್ಲಿಡಬೇಕು.

ಹಳೆಯ ನುಡಿ ಫಾಂಟ್‌ಗಳಲ್ಲಿ ಬೆರಳಚ್ಚಾದ ಪತ್ರಗಳಿದ್ದರೆ ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿರಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ.